ಖಾಲಿ ಲಾರಿಯ ತೂಕ

ಸಂಬಳದ ಮಾತು ಎತ್ತುವ ಮೊದಲು ಭಾವ ಊಟಕ್ಕೆ ಕರೆದ. ಕಡ್ಡಿಗೆ ಅಲ್ಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಹಸಿದವನಿಗೆ ತಟ್ಟೆ ಕಾಣುತ್ತದೆ, ಬಡಿಸುವವನ ಮುಖ ಕಾಣುವುದಿಲ್ಲ.

ಮೈ ನೋಡಿ ಜನ ಇಟ್ಟ ಹೆಸರು ಕಡ್ಡಿ. ಕಂಪನಿಯ ಲಾರಿ ಓಡಿಸಿಕೊಂಡಿದ್ದ ಕಾಲದಲ್ಲಿ ಕಡ್ಡಿ ಪೈಲ್ವಾನ್ ಅನ್ನುತ್ತಿದ್ದರು. ಕಂಪನಿ ಮುಚ್ಚಿತು, ಲಾರಿಗಳು ಹರಾಜಿಗೆ ಹೋದವು, ಪೈಲ್ವಾನ್ ಉದುರಿಹೋಗಿ ಕಡ್ಡಿ ಮಾತ್ರ ಉಳಿಯಿತು. ಅಲ್ಲಿಂದ ಈಚೆಗೆ ಗೋದಾಮಿನಲ್ಲಿ ಸಿಮೆಂಟ್ ಮೂಟೆ ಇಳಿಸುವ ಕೆಲಸ. ಸಿಮೆಂಟ್ ಪುಡಿ ಬೆವರಿಗೆ ಅಂಟಿ ಕುತ್ತಿಗೆಯ ಚರ್ಮ ಸುಟ್ಟಿತ್ತು. ಬೆರಳ ಸಂದುಗಳು ಬಿರಿದಿದ್ದವು. ಊಟಕ್ಕೆ ಕೈ ಹಾಕಿದರೆ ಉರಿಯುತ್ತಿತ್ತು. ಬೆಳಿಗ್ಗೆ ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿದುಕೊಳ್ಳಬೇಕಿತ್ತು. ಲಾರಿ ಓಡಿಸುವುದು ಸುಖದ ಕೆಲಸವೇನಲ್ಲ, ಆದರೆ ಅಲ್ಲಿ ಕೂತಾದರೂ ಇರಬಹುದು. ಕೂತು ಮಾಡುವ ಕೆಲಸವೆಂದರೆ ಕಡ್ಡಿಗೆ ಈಗ ಸ್ವರ್ಗ.

ಭಾವ ಎಂದರೆ ಹೆಂಡತಿಯ ಅಣ್ಣ. ಗುಜರಿ ವ್ಯಾಪಾರಿ. ಹಳೆಯ ಕಬ್ಬಿಣ ಕೊಂಡು, ಕತ್ತರಿಸಿ, ಕಬ್ಬಿಣ ಕರಗಿಸುವ ಕಾರ್ಖಾನೆಗೆ ಮಾರುತ್ತಾನೆ. ಒಂದು ಕಾಲಕ್ಕೆ ಕೈಗಾಡಿ ತಳ್ಳಿಕೊಂಡು ರದ್ದಿ ಕಾಗದ ಆಯುತ್ತಿದ್ದವನಿಗೆ ಈಗ ತಗಡಿನ ಬೇಲಿಯ ದೊಡ್ಡ ಅಂಗಳ, ನಾಲ್ಕಾರು ಆಳು, ಒಂದು ಲಾರಿ. ಮನೆ ಅಂಗಳದ ಮುಂದೆಯೇ. ಆ ಮನೆಯ ಮೂಲೆಯ ಕೋಣೆಯಲ್ಲಿ ಕಡ್ಡಿಯ ಅತ್ತೆ ಮಂಡಿನೋವು ಹಿಡಿದುಕೊಂಡು ಮಲಗಿರುತ್ತಾಳೆ.

“ತಿನ್ನು, ನಾಚ್ಕೋಬೇಡ,” ಎಂದು ಭಾವ ತಾನೇ ಬಡಿಸಿದ. “ಡ್ರೈವರ್ ಆದೋನು ಮೈಕೈ ತುಂಬ್ಕೊಂಡಿರ್ಬೇಕು. ಗಾಳಿ ಬಂದ್ರೆ ಹಾರಿಹೋಗೋ ಥರ ಇದ್ರೆ ಲಾರಿ ನಿನ್ನ ಮಾತು ಕೇಳುತ್ತಾ?”

ಕಡ್ಡಿ ನಕ್ಕ. ಮಾಂಸದ ತುಂಡು ದೊಡ್ಡದಿತ್ತು. ನಗದೆ ಇರಲು ಸಾಧ್ಯವಿರಲಿಲ್ಲ.

“ಹೊರಗಿನ ಡ್ರೈವರ್‌ಗೆ ಎಷ್ಟು ಕೊಡ್ತಾರೆ ಗೊತ್ತಲ್ಲ? ಅದ್ರಲ್ಲಿ ಮುಕ್ಕಾಲು ನಿಂಗೆ.”

“ಉಳಿದ ಕಾಲು, ಭಾವ?”

“ಅದು ಸಂಬಂಧಕ್ಕೆ. ಹೊರಗಿನೋನು ಸಂಬಳಕ್ಕೆ ದುಡೀತಾನೆ. ನೀನು ಮನೆಯವನು. ಮನೆಯವನ ಹತ್ರ ಸಂಬಳ ಅಂತ ಮಾತಾಡೋಕೇ ನಂಗೆ ನಾಲಿಗೆ ಏಳಲ್ಲ.”

ಏಳದ ಆ ನಾಲಿಗೆ ಕಾಲು ಭಾಗ ಕತ್ತರಿಸುವಾಗ ಒಂದು ಸಲವೂ ತೊದಲಿರಲಿಲ್ಲ.

“ಈಗ್ಲೇ ಹೂಂ ಅನ್ಬೇಡ. ಎರಡು ವಾರ ಓಡ್ಸು. ಲಾರಿ ನಿಂಗೆ ಹಿಡಿಸ್ಬೇಕು, ನೀನು ಲಾರಿಗೆ ಹಿಡಿಸ್ಬೇಕು. ಆಮೇಲೆ ಕೂತು ಮಾತು ಮುಗಿಸೋಣ. ಮಧ್ಯಾಹ್ನದ ಊಟ ಮಾತ್ರ ದಿನಾ ಇಲ್ಲೇ. ಅದ್ರಲ್ಲಿ ನಾನು ಯಾರ ಮಾತೂ ಕೇಳಲ್ಲ.”

ಸಂಜೆ ಹೆಂಡತಿ ಕೆಲಸದಿಂದ ಮನೆಗೆ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ನಿಂತೇ ಇರಬೇಕು. ಬಂದವಳೇ ಬಕೆಟ್ಟಿಗೆ ತಣ್ಣೀರು ಸುರಿದು ಕಾಲು ಇಳಿಬಿಟ್ಟಳು. ಕಾಲು ಊದಿ ಪಾದದ ಗಂಟೇ ಕಾಣುತ್ತಿರಲಿಲ್ಲ. ಇದ್ದ ಒಂದೇ ಕೋಣೆಯಲ್ಲಿ ಬಕೆಟ್ಟು ಇಟ್ಟರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

“ಮುಕ್ಕಾಲಾ?” ಎಂದಳು. “ಅಣ್ಣ ಬಾಯಿ ಬಿಟ್ಟು ಅಷ್ಟು ಹೇಳಿದ್ದೇ ಹೆಚ್ಚು ಬಿಡಿ.”

“ಏನ್ ಮಾಡೋಣ ಹೇಳು.”

“ಅಳೆದು ತೂಗಿ ನೋಡಿ. ಮೂಟೆ ಹೊತ್ತು ನಿಮ್ಮ ಬೆನ್ನು ಇನ್ನೆಷ್ಟು ದಿನ ನಿಲ್ಲುತ್ತೆ? ಅಮ್ಮನೂ ಅಲ್ಲೇ ಇದಾಳೆ. ನೀವು ಅಲ್ಲಿ ಹೋಗಿ ಬಂದು ಮಾಡ್ತಿದ್ರೆ ನಂಗೂ ಅಮ್ಮನ ಮುಖ ನೋಡೋಕೆ ಒಂದು ನೆಪ.” ಅವಳು ಕಾಲು ಮೇಲೆತ್ತಿ ಸೀರೆಯ ಅಂಚಿನಲ್ಲಿ ಒರೆಸಿಕೊಂಡಳು. “ಹೋಗಿ. ಆದ್ರೆ ಪೂರ್ತಿ ಕುತ್ತಿಗೆ ಕೊಡ್ಬೇಡಿ.”

ಕಡ್ಡಿ ಹೋದ. ಕ್ಯಾಬಿನ್ ಹತ್ತಿ ಸ್ಟೇರಿಂಗ್ ಹಿಡಿದಾಗ ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ, ಒಳ್ಳೆಯದಾಯಿತು. ಕ್ಲಚ್ಚು ಕಲ್ಲಿನಂತಿತ್ತು. ಸೀಟಿನ ಸ್ಪಂಜು ಹೋಗಿ ತಂತಿ ಚುಚ್ಚುತ್ತಿತ್ತು. ಆದರೂ ಲಾರಿ ಹೊರಟಾಗ ಅವನು ಅವನಾದ.

ಸುಖ ಅಷ್ಟೇ. ಎರಡನೆಯ ದಿನವೇ ಭಾವ ಅಂಗಳದಿಂದ ಕೂಗಿದ. “ಏ, ಸೀಟಲ್ಲೇ ಕೂತಿದೀಯಲ್ಲ! ಕೈ ಹಚ್ಚು. ಮನೆಯವನೇ ಸುಮ್ನೆ ಕೂತ್ರೆ ಆಳುಗಳು ಏನಂದ್ಕೋತಾರೆ?”

ಕೈ ಹಚ್ಚಿದ. ತುಕ್ಕು ಹಿಡಿದ ಪೈಪು, ಮುರಿದ ಗೇಟು, ನಜ್ಜುಗುಜ್ಜಾದ ಕಾರಿನ ಬಾಗಿಲು. ಕೈಗವಸು ಆಳುಗಳಿಗೆ ಮಾತ್ರ ಕೊಟ್ಟಿದ್ದರು. ಮನೆಯವನಿಗೆ ಯಾರು ಕೈಗವಸು ಕೊಡುತ್ತಾರೆ? ತಗಡು ಅಂಗೈ ಸೀಳಿತು. ಹಳೆಯ ಬಟ್ಟೆ ಸುತ್ತಿಕೊಂಡು ಮತ್ತೆ ಎತ್ತಿದ. ಬೆನ್ನು ಗೋದಾಮಿನಲ್ಲಿ ಬೇಡುತ್ತಿದ್ದ ಗೋಡೆಯನ್ನೇ ಇಲ್ಲಿಯೂ ಬೇಡತೊಡಗಿತು.

ಒಂದು ದಿನ ಬ್ಯಾಂಕಿನವನೊಬ್ಬ ಸಾಲದ ವಿಚಾರಕ್ಕೆ ಬಂದ. ವರಾಂಡದಲ್ಲಿ ಕುರ್ಚಿ ಹಾಕಿದರು. ಕಡ್ಡಿ ಅಲ್ಲೇ ಕಂಬಕ್ಕೆ ಒರಗಿದ್ದ. “ಇವರು?” ಎಂದು ಬ್ಯಾಂಕಿನವನು ಕೇಳಿದ.

“ನಮ್ಮ ಡ್ರೈವರ್,” ಎಂದ ಭಾವ.

ಬ್ಯಾಂಕಿನವನು ಹೋದ. ಅವನ ಸ್ಕೂಟರಿನ ಸದ್ದು ಅಡಗುವ ಮೊದಲೇ ಭಾವ ಹೇಳಿದ, “ಏ ಮನೆಯವನೇ, ಆ ಕುರ್ಚಿ ಎತ್ತಿ ಒಳಗಿಡು.”

ಕಡ್ಡಿ ಕುರ್ಚಿ ಎತ್ತಿ ಒಳಗಿಟ್ಟ. ದುಡಿಸುವಾಗ ಮನೆಯವನು, ತೋರಿಸುವಾಗ ಡ್ರೈವರ್. ಊಟದ ಜಾಗವೂ ಹಾಗೇ ಬದಲಾಗಿತ್ತು. ಮೊದಲ ದಿನ ಮೇಜು. ಈಗ ಹಿತ್ತಲಿನ ಡ್ರಮ್ಮಿನ ಮೇಲೆ ತಟ್ಟೆ. ಆದರೆ ತಟ್ಟೆ ಮಾತ್ರ ದಿನದಿಂದ ದಿನಕ್ಕೆ ತುಂಬುತ್ತಾ ಹೋಯಿತು. ಭಾವ ಹಿತ್ತಲಿಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, “ಇನ್ನೊಂದು ತುತ್ತು, ಇನ್ನೊಂದು ತುತ್ತು,” ಎನ್ನುತ್ತಿದ್ದ. ಇಂಥ ಕಟುಕನಿಗೆ ಇದೊಂದು ವಿಷಯದಲ್ಲಿ ತಾಯಿಯ ಕರುಳು ಹೇಗೆ ಬಂತೆಂದು ಕಡ್ಡಿಗೆ ಆಶ್ಚರ್ಯ. ಮನುಷ್ಯರಲ್ಲಿ ಏನಾದರೂ ಒಳ್ಳೆಯದು ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ.

ದಿನಕ್ಕೆ ಎರಡು ಸಲ ಕಾರ್ಖಾನೆಗೆ ಲೋಡು ಹೋಗುತ್ತಿತ್ತು. ಗೇಟಿನ ಒಳಗೆ ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಪಕ್ಕದಲ್ಲಿ ಒಂದು ಗೂಡಂಗಡಿಯಷ್ಟು ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯೊಳಗೆ ತೂಕ ಬರೆದುಕೊಳ್ಳುವವನು. ಮೊದಲು ತುಂಬಿದ ಲಾರಿಯನ್ನು ತೂಗುತ್ತಾನೆ. ಒಳಗೆ ಹೋಗಿ ಕಬ್ಬಿಣ ಇಳಿಸಿ ಬಂದ ಮೇಲೆ ಖಾಲಿ ಲಾರಿಯನ್ನು ತೂಗುತ್ತಾನೆ. ಅದರಲ್ಲಿ ಇದನ್ನು ಕಳೆದರೆ ಉಳಿಯುವುದು ಕಬ್ಬಿಣ. ಕಾರ್ಖಾನೆ ದುಡ್ಡು ಕೊಡುವುದು ಅದಕ್ಕೆ.

ಮೊದಲ ದಿನವೇ ಭಾವ ಎರಡೆರಡು ಸಲ ಹೇಳಿದ್ದ. “ತುಂಬಿದ ಲಾರಿ ತೂಗುವಾಗ ಸೀಟು ಬಿಟ್ಟು ಅಲ್ಲಾಡ್ಬೇಡ. ಖಾಲಿ ಲಾರಿ ತೂಗುವಾಗ ಇಳಿದು, ಕಿಟಕಿ ಹತ್ರ ನಿಂತು ಚೀಟಿ ಇಸ್ಕೋ. ಅದು ಅಲ್ಲಿಯ ಪದ್ಧತಿ. ಮರೆತ್ರೆ ಗೇಟಿನೊಳಗೇ ಬಿಡಲ್ಲ.”

ಕಡ್ಡಿ ಮರೆಯಲಿಲ್ಲ. ಅವನ ಹಳೆಯ ಕಂಪನಿಯಲ್ಲಿ ಸಾಗಿಸುತ್ತಿದ್ದುದು ಪೆಟ್ಟಿಗೆಗಳನ್ನು. ಪೆಟ್ಟಿಗೆ ಎಣಿಸುತ್ತಿದ್ದರು, ತೂಗುತ್ತಿರಲಿಲ್ಲ. ತೂಕದ ಊರಿಗೆ ಅವನು ಹೊಸಬ.

ತೂಕದವನು ಮಾತಿನ ಮಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಒಬ್ಬೊಬ್ಬ ಡ್ರೈವರನ್ನೂ ಸಂಖ್ಯೆಯಿಂದ ಕೂಗುತ್ತಿದ್ದ. “ಎಂಬತ್ತು, ಮುಂದೆ ಹೋಗಪ್ಪಾ. ಎಪ್ಪತ್ತೈದು, ಅಲ್ಲೇ ನಿಲ್ಲು.” ಲಾರಿಯ ನಂಬರು ಇರಬೇಕೆಂದು ಕಡ್ಡಿ ಅಂದುಕೊಂಡ. ಒಂದು ದಿನ ತನ್ನ ಸರದಿ ಬಂದಾಗ ತೂಕದವನು, “ಬಾರಪ್ಪಾ ಅರವತ್ತು!” ಎಂದ.

ಕಡ್ಡಿಯ ಲಾರಿಯ ನಂಬರಿನಲ್ಲಿ ಅರವತ್ತು ಎಲ್ಲಿಯೂ ಇರಲಿಲ್ಲ. ಮತ್ತೆ ಅರವತ್ತು ಎಂದರೇನು? ಕನ್ನಡಿಯಲ್ಲಿ ಮುಖ ನೋಡಿಕೊಂಡ. ತಲೆ ಅರ್ಧ ನೆರೆತಿತ್ತು. ಕಣ್ಣಿನ ಕೆಳಗೆ ಚೀಲ. ಸಿಮೆಂಟು ಸುಟ್ಟ ಕುತ್ತಿಗೆ ಮುದುಕನದರಂತೆ ಸುಕ್ಕಾಗಿತ್ತು. ಅವನಿಗೆ ನಲವತ್ತೆರಡು. ಆ ನನ್ಮಗ ಅರವತ್ತು ಎಂದುಬಿಟ್ಟನಲ್ಲ ಎಂದು ಸಂಕಟವಾಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕಳು. “ಅರವತ್ತಾಗಿದ್ರೆ ಒಳ್ಳೇದೇ ಆಯ್ತು ಬಿಡಿ. ಇನ್ನು ದುಡಿಯೋದು ಬೇಡ, ಮನೇಲಿ ಕೂರ್ಬಹುದು.”

ತೂಕದವನು ಮರುದಿನವೂ ಅರವತ್ತು ಎಂದ, ಅದರ ಮರುದಿನವೂ ಎಂದ. ಎರಡನೆಯ ವಾರದ ಕೊನೆಯ ಹೊತ್ತಿಗೆ ಕಡ್ಡಿಗೆ ತಡೆಯಲಾಗಲಿಲ್ಲ. ಖಾಲಿ ಲಾರಿ ತೂಗಲು ಇಳಿದು ಕಿಟಕಿಯ ಬಳಿ ಹೋದವನು ಹೇಳಿಯೇಬಿಟ್ಟ.

“ಅಣ್ಣಾ, ನಂಗೆ ನಲವತ್ತೆರಡು. ದಿನಾ ಅರವತ್ತು ಅರವತ್ತು ಅಂತ ಕೂಗ್ಬೇಡಿ. ಹೊಟ್ಟೆ ಉರಿಯುತ್ತೆ.”

ಕುಡಿಯುತ್ತಿದ್ದ ಟೀ ತೂಕದವನ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡ. “ವಯಸ್ಸಲ್ಲಪ್ಪಾ! ತೂಕ!”

“ಯಾರ ತೂಕ?”

“ನಿಂದು. ಇಲ್ಲಿ ನೋಡು.” ಅವನು ಮುಂದಿದ್ದ ಡಬ್ಬಿಯ ಕೆಂಪು ಅಂಕಿಗಳನ್ನು ತೋರಿಸಿದ. “ನೀನು ಲಾರಿಯಿಂದ ಇಳಿದ ತಕ್ಷಣ ಇದ್ರಲ್ಲಿ ಅರವತ್ತು ಕೆಜಿ ಕಮ್ಮಿ ಆಗುತ್ತೆ. ದಿನಾ ನೋಡಿ ನೋಡಿ ಬಾಯಿಗೆ ಬಂದ್ಬಿಟ್ಟಿದೆ.” ಕಡ್ಡಿಯ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು. “ನಿಂಗೆ ಗೊತ್ತಿಲ್ವಾ? ಮನೆಯವನನ್ನೇ ಹಾಕಿದೀನಿ ಅಂದ್ರಲ್ಲ ನಿಮ್ ಭಾವ! ಮನೆಯವನಿಗೆ ಹೇಳಿಲ್ವಾ?”

“ಏನು ಹೇಳ್ಬೇಕಿತ್ತು?”

“ತುಂಬಿದಾಗ ನೀನು ಒಳಗೆ. ಖಾಲಿ ಆದಾಗ ನೀನು ಹೊರಗೆ. ಅರವತ್ತು ಕೆಜಿ ಕಬ್ಬಿಣ ಜಾಸ್ತಿ ಆಯ್ತೋ ಇಲ್ವೋ?” ತೂಕದವನು ದನಿ ತಗ್ಗಿಸಿದ. “ಆ ಕಬ್ಬಿಣ ನೀನೇ.”

ಕಡ್ಡಿ ಡಬ್ಬಿಯ ಅಂಕಿಗಳನ್ನು ಮತ್ತೊಮ್ಮೆ ನೋಡಿದ.

“ನಿಂಗಿಂತ ಮುಂಚೆ ಇದ್ದೋನು ನೂರು. ಸೆಂಚುರಿ ಅಂತಿದ್ವಿ. ನೀನು ಬಂದು ನಿಮ್ ಭಾವಂಗೆ ಒಂದೊಂದು ಸಲಕ್ಕೂ ನಲವತ್ತು ಲಾಸು. ಮೊನ್ನೆ ಫೋನ್ ಮಾಡಿ ಕೇಳ್ತಿದ್ರು, ನಮ್ಮೋನು ಏನಾದ್ರೂ ಏರಿದ್ನಾ ಅಂತ.”

ಕಡ್ಡಿಗೆ ಮಧ್ಯಾಹ್ನದ ತಟ್ಟೆ ನೆನಪಾಯಿತು. ಇನ್ನೊಂದು ತುತ್ತು, ಇನ್ನೊಂದು ತುತ್ತು. ಕಡಿಯುವ ಕುರಿಗೆ ಸೊಪ್ಪು ಹಾಕುವವನೂ ಹೀಗೇ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಾನೆ.

“ಸೆಂಚುರಿ ಈಗ ಎಲ್ಲಿದಾನೆ?”

ತೂಕದವನು ಟೀ ಲೋಟವನ್ನು ಸುಮ್ಮನೆ ತಿರುಗಿಸಿದ. “ಒಂದಿನ ಮೇಲಿನೋರು ಬಂದು ಇಲ್ಲೇ ನಿಂತ್ಬಿಟ್ರು. ಸಿಕ್ಕಿಬಿದ್ದ. ಗೇಟಿನೋರು ಹೊಡೆದ್ರು. ಹಲ್ಲು ಹೋಯ್ತು. ನಿಮ್ ಭಾವ ಬಂದು, ಈ ಕಳ್ಳ ನಂಗೂ ಗೊತ್ತಿಲ್ದೆ ಮಾಡಿದಾನೆ ಅಂದ್ರು. ಆ ತಿಂಗಳ ಸಂಬಳವನ್ನೂ ಕೊಡ್ಲಿಲ್ಲ.”

“ನೀವು?”

“ನಾನೇನು? ನಂಗೂ ಹೊಟ್ಟೆ ಇದೆ.” ಅವನು ಚೀಟಿ ಹರಿದು ಕೊಟ್ಟ. ಕಡ್ಡಿಯ ಮುಖ ನೋಡಲಿಲ್ಲ.

ಕಾರ್ಖಾನೆಯವರಿಗೆ ಮೋಸವಾಯಿತೆಂದು ಕಡ್ಡಿಗೆ ಅಳುವೇನೂ ಬರಲಿಲ್ಲ. ಅವರ ಗೇಟೇ ಅವನ ಮನೆಗಿಂತ ದೊಡ್ಡದು. ಅವನ ಸಂಕಟ ಬೇರೆ. ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದು ಒಂದೇ ಲೆಕ್ಕ ಮಾಡಿದ. ತಿಂಗಳೆಲ್ಲ ಅವನ ಮೈಯನ್ನು ಹೀಗೆ ಗುಜರಿಯ ದರಕ್ಕೆ ಮಾರಿದರೆ ಅವನ ಸಂಬಳ ಅದರಲ್ಲೇ ಹುಟ್ಟಿ ಇನ್ನೂ ಮಿಗುತ್ತದೆ. ಲಾರಿ ಓಡಿಸುವುದು, ಪೈಪು ಎತ್ತುವುದು, ಅಂಗೈ ಸೀಳಿದ್ದು, ಎಲ್ಲವೂ ಬಿಟ್ಟಿ. ಭಾವನ ಜೇಬಿನಿಂದ ಒಂದು ಕಾಸೂ ಹೊರಗೆ ಬರುವುದಿಲ್ಲ. ಅಷ್ಟರ ಮೇಲೂ ಕಾಲು ಭಾಗ ಕಡಿದಿದ್ದಾನೆ. ಸಂಬಂಧಕ್ಕಂತೆ!

ಮಾತು ಮುಗಿಸಲು ಭಾವ ಭಾನುವಾರ ಮಧ್ಯಾಹ್ನ ಕರೆದ. ಮತ್ತೆ ಮೇಜಿನ ಮೇಲೆ ಊಟ. ಕಡ್ಡಿ ತಟ್ಟೆಗೆ ಕೈ ಹಾಕದೆ ಕೇಳಿದ.

“ಭಾವ, ನನ್ನನ್ನೂ ತೂಗಿ ಮಾರ್ತಿದೀರಂತೆ.”

ಭಾವನ ತುತ್ತು ಅರೆಕ್ಷಣ ನಿಂತಿತು. ಆಮೇಲೆ ಬಾಯಿಗೆ ಹೋಯಿತು. ಅಗಿದು ನುಂಗಿ, ನೀರು ಕುಡಿದು ಹೇಳಿದ.

“ಎಲ್ರೂ ಮಾಡ್ತಾರೆ. ಆ ಗೇಟಲ್ಲಿ ಹೋಗೋ ಒಂದು ಲಾರಿ ತೋರ್ಸು, ಮಾಡ್ದೇ ಇರೋದು. ಅಷ್ಟಕ್ಕೂ ನೀನು ಕಳ್ಕೊಂಡಿದ್ದೇನು? ನಿನ್ನ ಮೈಯಿಂದ ಒಂದು ಗ್ರಾಂ ಕಿತ್ಕೊಂಡ್ನಾ? ನಿನ್ನ ತೂಕ ನಿನ್ನ ಹತ್ರಾನೇ ಇದೆಯಲ್ಲ!”

ಕಡ್ಡಿ ತನ್ನ ತೋಳು ನೋಡಿಕೊಂಡ. ಅವನ ತೂಕ ಅವನ ಬಳಿಯೇ ಇತ್ತು. ಆದರೂ ಏನೋ ಹೋಗಿತ್ತು. ಅದಕ್ಕೆ ಏನನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ.

“ಸೆಂಚುರಿ ಥರ ನಾನೂ ಸಿಕ್ಕಿಬಿದ್ರೆ?”

“ಅವನು ಹೊರಗಿನೋನು. ನೀನು ಮನೆಯವನು.”

“ಸಿಕ್ಕಿಬಿದ್ರೆ ಏನಂತೀರಿ ಭಾವ?”

“ಸಿಕ್ಕಿಬೀಳದ ಹಾಗೆ ಕೂತ್ಕೋ.” ಭಾವ ಕೈ ಒರೆಸಿಕೊಂಡ. “ನೋಡು, ಉಂಡ ಮನೆ ಜಂತೆ ಎಣಿಸ್ಬಾರ್ದು. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು. ಆಯ್ತು. ಪೂರ್ತಿ ಸಂಬಳ ಕೊಡ್ತೀನಿ. ಹೊರಗಿನ ಡ್ರೈವರ್‌ಗೆ ಎಷ್ಟೋ ಅಷ್ಟು. ತೃಪ್ತಿ ತಾನೆ? ನನ್ನ ತಂಗಿ ಆ ಇಸ್ತ್ರಿ ಕೆಲಸ ಬಿಡ್ಲಿ. ಮನೇಲಿ ಕಾಲು ಚಾಚ್ಕೊಂಡು ಇರ್ಲಿ.”

ಒಳಕೋಣೆಯಿಂದ ಅತ್ತೆ ಕೇಳಿಸಿಕೊಂಡಿದ್ದಳು. “ಹೂಂ ಅನ್ನಪ್ಪಾ,” ಎಂದಳು. “ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ಅವನು ನನ್ನ ಮಗಳನ್ನ ಈ ಹೊಸ್ತಿಲು ಹತ್ತಿಸಲ್ಲ.”

ಪೂರ್ತಿ ಸಂಬಳ. ಕಡ್ಡಿಗೆ ಹೆಂಡತಿಯ ಊದಿದ ಕಾಲು ಕಣ್ಣೆದುರು ಬಂತು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಟ್ಟೆಯನ್ನು ಹಾಗೇ ಬಿಟ್ಟು ಎದ್ದ. ನುಂಗಲೂ ಆಗದ, ಉಗುಳಲೂ ಆಗದ ತುತ್ತು ಅದು. ನಡೆದುಕೊಂಡೇ ಮನೆಗೆ ಬಂದ. ಸಿಟ್ಟು ಮಾಡಲೂ ಮೈಯಲ್ಲಿ ತ್ರಾಣ ಬೇಕು. ಅವನಲ್ಲಿ ಅಷ್ಟು ಇರಲಿಲ್ಲ.

ಹೆಂಡತಿ ರಜೆಯ ದಿನದ ಬಟ್ಟೆ ಒಗೆದು ಕೋಣೆಯೊಳಗೆ ಹಗ್ಗಕ್ಕೆ ಹರವುತ್ತಿದ್ದಳು. ಕಡ್ಡಿ ಒದ್ದೆ ಬಟ್ಟೆಗಳ ಕೆಳಗೆ ಕೂತು ಎಲ್ಲವನ್ನೂ ಹೇಳಿದ. ಅರವತ್ತು ಎಂದರೆ ಏನೆಂದು ಹೇಳಿದ. ಸೆಂಚುರಿಯ ಹಲ್ಲಿನ ವಿಷಯ ಹೇಳಿದ. ಪೂರ್ತಿ ಸಂಬಳದ ವಿಷಯವನ್ನೂ ಹೇಳಿದ.

ಅವಳು ಮೊದಲು ನಕ್ಕಳು. “ಅಯ್ಯೋ, ಅಣ್ಣ ಇನ್ನೂ ಅದನ್ನ ಬಿಟ್ಟಿಲ್ವಾ!”

“ಯಾವುದನ್ನ?”

“ನಾನು ಚಿಕ್ಕೋಳಿದ್ದಾಗ ಅಣ್ಣ ಕೈಗಾಡೀಲಿ ರದ್ದಿ ಮಾರ್ತಿದ್ನಲ್ಲ. ಗಾಡಿ ಸಮೇತ ತೂಗ್ತಿದ್ರು. ನನ್ನ ಎತ್ಕೊಂಡು ಕಾಗದದ ಕಟ್ಟುಗಳ ನಡುವೆ ಕೂರಿಸಿ ಮೇಲೆ ಗೋಣಿಚೀಲ ಹೊದಿಸ್ತಿದ್ದ. ಕಣ್ಣಾಮುಚ್ಚಾಲೆ ಆಟ ಕಣೆ, ಉಸಿರು ಬಿಡ್ಬೇಡ, ಅವ್ರಿಗೆ ಸಿಕ್ಕಿದ್ರೆ ನೀನು ಸೋತೆ ಅಂತಿದ್ದ. ತೂಗಿ ಆದ್ಮೇಲೆ ಗಾಡಿ ಹಿಂದಿನಿಂದ ಮೆತ್ತಗೆ ಇಳಿಸಿಬಿಡ್ತಿದ್ದ. ಗೆದ್ದೆ ಅಂತ ನಂಗೆ ಖುಷಿ. ಒಂದು ಮಿಠಾಯಿ ಕೊಡಿಸ್ತಿದ್ದ.”

ಹೇಳುತ್ತಾ ಹೇಳುತ್ತಾ ಅವಳ ನಗು ಎಲ್ಲೋ ಬಿಟ್ಟುಹೋಯಿತು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಊದಿದ ಪಾದದ ಮೇಲೆ ಬೀಳುತ್ತಿತ್ತು. ಅವಳು ಸರಿಯಲಿಲ್ಲ.

“ಅಣ್ಣ ನನ್ನ ಎತ್ಕೊಂಡಿದ್ದು ಅಂದ್ರೆ ನಂಗೆ ನೆನಪಿರೋದು ಅದೊಂದೇ,” ಎಂದಳು. “ಬೇರೆ ಯಾವತ್ತೂ ಎತ್ಕೊಂಡಿಲ್ಲ ನೋಡಿ. ನಾನು ಅದನ್ನ ಪ್ರೀತಿ ಅಂತ ಇಟ್ಕೊಂಡಿದ್ದೆ ಇಷ್ಟು ವರ್ಷ.”

ಕಡ್ಡಿ ಬಕೆಟ್ಟನ್ನು ತೊಟ್ಟಿಕ್ಕುವ ನೀರಿನ ಕೆಳಗೆ ಸರಿಸಿದ.

“ಆವಾಗ ನನ್ನ ತೂಕಕ್ಕೆ ಒಂದು ಮಿಠಾಯಿ. ಈಗ ನಿಮ್ಮ ತೂಕಕ್ಕೆ ಒಂದು ಊಟ. ಅಣ್ಣ ರೇಟು ಏನೂ ಏರಿಸಿಲ್ಲ.”

“ಪೂರ್ತಿ ಸಂಬಳ ಅಂದಿದಾನೆ ಕಣೆ. ನಿನ್ನ ಕಾಲು…”

“ನನ್ನ ಕಾಲಿನ ಮೇಲೆ ಹಾಕ್ಬೇಡಿ. ನನ್ನ ಕಾಲು ನನ್ನದು, ನಾನು ನೋಡ್ಕೋತೀನಿ.”

“ಬೇಡ ಅಂದ್ರೆ ಅಮ್ಮನ್ನ ನೋಡೋಕೆ ಬಿಡಲ್ಲ ಅವನು.”

“ಗೊತ್ತು.” ಅವಳು ಬಟ್ಟೆಯನ್ನು ಹಿಂಡಿದಳು. ಹಿಂಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಹಿಂಡಿದಳು. “ನನ್ನ ಏನೂ ಕೇಳ್ಬೇಡಿ. ನಾನು ಆಗ ಚಿಕ್ಕೋಳು. ಇಳೀಬಹುದು ಅಂತ ನಂಗೆ ಗೊತ್ತಿರ್ಲಿಲ್ಲ.”

ಸೋಮವಾರ ಬೆಳಿಗ್ಗೆ ಕಡ್ಡಿ ಅಂಗಳಕ್ಕೆ ಹೋದ. ಭಾವ ಗೆದ್ದವನ ನಗು ನಕ್ಕು ಕೀಲಿ ಎಸೆದ. ಕಡ್ಡಿ ಹಿಡಿದುಕೊಂಡ. ಆಳುಗಳ ಜೊತೆ ಪೈಪು ಎತ್ತಿದ, ಗೇಟು ಎತ್ತಿದ. ಲಾರಿ ತುಂಬಿತು. ಹಗ್ಗ ಬಿಗಿದು ಹೊರಟ.

ಕಾರ್ಖಾನೆಯ ಮುಂದೆ ಲಾರಿಗಳ ಸಾಲು ಉದ್ದವಿತ್ತು. ಸರದಿ ಬಂದಾಗ ಲಾರಿಯನ್ನು ಹಾಸಿನ ಮೇಲೆ ಹತ್ತಿಸಿದ. ನಾಲ್ಕೂ ಮೂಲೆ ಸರಿಯಾಗಿದೆಯೇ ನೋಡಿದ. ಇಂಜಿನ್ ಆಫ್ ಮಾಡಿದ. ಕೀಲಿ ತೆಗೆದ. ಬಾಗಿಲು ತೆರೆದು, ಮೆಟ್ಟಿಲ ಮೇಲೆ ಕಾಲಿಟ್ಟು, ಬೆನ್ನು ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಇಳಿದ.

ಕಿಟಕಿಯಿಂದ ತಲೆ ಹೊರಬಂತು. “ಏ ಅರವತ್ತು! ಈಗ ಇಳೀಬಾರ್ದು! ಲಾರಿ ತುಂಬಿದೆ!”

“ಲಾರಿ ತುಂಬಿದೆ. ನಾನು ಇಳಿದಿದೀನಿ. ತೂಗಿ.”

“ಹತ್ತಪ್ಪಾ, ತಮಾಷೆ ಮಾಡ್ಬೇಡ. ನಿಮ್ ಭಾವ ನನ್ನ ಸಿಗಿದು ತೋರಣ ಕಟ್ತಾರೆ.”

ಕಡ್ಡಿ ಹಾಸಿನಿಂದ ಆಚೆಗೆ ನಡೆದು ಮಣ್ಣಿನ ಮೇಲೆ ನಿಂತ. ಡಬ್ಬಿಯಲ್ಲಿ ಕೆಂಪು ಅಂಕಿ ಕೆಳಗೆ ಬಿತ್ತು. ಎಷ್ಟು ಬಿತ್ತೆಂದು ಅಲ್ಲಿಂದಲೇ ಕಾಣಿಸಿತು. ಅರವತ್ತು. ಅಷ್ಟು ಕಬ್ಬಿಣ ಲಾರಿಯಲ್ಲಿ ಇರಲೇ ಇಲ್ಲ.

ಹಿಂದಿನ ಲಾರಿ ಹಾರನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು. ತೂಕದವನು ಫೋನ್ ಹಚ್ಚಿ, ಎರಡು ಮಾತಾಡಿ, ಬೆವರುತ್ತಾ ಕಿಟಕಿಯಿಂದ ಫೋನನ್ನು ಹೊರಗೆ ಚಾಚಿದ.

“ಕಡ್ಡೀನ ಗುಡ್ಡ ಮಾಡ್ಬೇಡ,” ಎಂದಿತು ಭಾವನ ದನಿ. “ಮರ್ಯಾದೆಯಾಗಿ ಹತ್ತು.”

“ಕಡ್ಡೀನ ಗುಡ್ಡ ಮಾಡ್ತಿರೋದು ನೀವು, ಭಾವ. ದಿನಕ್ಕೆ ಎರಡು ಸಲ.”

“ಪೂರ್ತಿ ಸಂಬಳ ಅಂದೆನಲ್ಲೋ! ಅದ್ರ ಮೇಲೂ ಬೇಕಾ? ಹೇಳು, ಎಷ್ಟು ಬೇಕು ಹೇಳು. ಮನೆಯವನಾಗಿ ಹೀಗೆ ಬೀದೀಲಿ ಮಾನ ಕಳೀತಿಯಾ?”

ಹೇಳಬೇಕೆಂದು ರಾತ್ರಿಯೆಲ್ಲ ಕೂಡಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಸೆಂಚುರಿಯ ಹಲ್ಲು, ಬ್ಯಾಂಕಿನವನ ಕುರ್ಚಿ, ಗೋಣಿಚೀಲದ ಕೆಳಗೆ ಉಸಿರು ಹಿಡಿದು ಕೂತಿದ್ದ ಹುಡುಗಿ. ಒಂದೂ ಬಾಯಿಗೆ ಬರಲಿಲ್ಲ. ಬೆನ್ನು ನೋಯುತ್ತಿತ್ತು. ನಿಂತು ಜಗಳವಾಡಲೂ ಅವನಿಗೆ ಬೇಸರವಾಗಿತ್ತು.

“ನಂಗೆ ಸುಸ್ತಾಗಿದೆ ಭಾವ. ಇಳಿದಿದೀನಿ. ಇನ್ನು ಹತ್ತಲ್ಲ.” ಕಡ್ಡಿ ಮುರಿದ ಹಾಗೆ ಅಷ್ಟು ಹೇಳಿ ಫೋನು ವಾಪಸು ಕೊಟ್ಟ. ಕೀಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಎರಡು ವಾರದ ಕೂಲಿ ಕೇಳಬೇಕೆನಿಸಿತು. ಕೇಳಿದರೆ ಉಂಡದ್ದರ ಲೆಕ್ಕ ಬರುತ್ತದೆ ಎಂದು ಸುಮ್ಮನಾದ.

ಅಷ್ಟರಲ್ಲಿ ಹಿಂದಿನ ಲಾರಿಯ ಡ್ರೈವರ್ ಜಗಳಕ್ಕೆಂದೇ ಬಂದಿದ್ದ. ದೊಡ್ಡ ಮೀಸೆಯ, ದಪ್ಪ ಹೊಟ್ಟೆಯ ಮನುಷ್ಯ. “ಏನಯ್ಯಾ, ಹಾಸಿನ ಮೇಲೆ ಗಾಡಿ ಬಿಟ್ಟು ಮದುವೆಗೆ ಬಂದೋನ ಹಾಗೆ ನಿಂತಿದೀಯ? ನಮಗೆ ಬೇರೆ ಕೆಲಸ ಇಲ್ವಾ?”

“ನನ್ನ ತೂಕ ಕಬ್ಬಿಣಕ್ಕೆ ಸೇರಿಸಿ ಮಾರ್ತಿದ್ರು,” ಎಂದ ಕಡ್ಡಿ. “ತುಂಬಿದಾಗ ಕೂರಿಸಿ, ಖಾಲಿ ಆದಾಗ ಇಳಿಸಿ. ಅರವತ್ತು ಕೆಜಿ. ಅದಕ್ಕೇ ಇವರು ನನ್ನ ಅರವತ್ತು ಅಂತ ಕರೀತಿದ್ದಿದ್ದು.”

ಮೀಸೆಯವನು ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಕಡ್ಡಿಯನ್ನು ನೋಡಿದ, ಹಾಸನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ. ಆಮೇಲೆ ಕಿಟಕಿಯ ಬಳಿ ಹೋಗಿ ಒಳಗೆ ಮುಖ ಹಾಕಿದ.

“ನನ್ನ ಎಂಬತ್ತು ಅಂತ ಕರೀತಿಯಲ್ಲ,” ಎಂದ. ದನಿ ಜೋರಾಗಿರಲಿಲ್ಲ. “ನನ್ನ ಲಾರಿ ನಂಬರು ಮುಗಿಯೋದು ಹದಿನೇಳಕ್ಕೆ. ಪಾಪ, ಇವನಿಗೆ ಕಣ್ಣು ಸರಿಯಿಲ್ಲ, ನಂಬರು ತಪ್ಪು ಓದ್ತಾನೆ ಅಂದ್ಕೊಂಡಿದ್ದೆ. ನಾಲ್ಕು ವರ್ಷದಿಂದ.”

ತೂಕದವನು ಲೋಟವನ್ನು ನೋಡುತ್ತಾ ಕೂತ.

ಕಡ್ಡಿ ಅಲ್ಲಿ ನಿಲ್ಲಲಿಲ್ಲ. ಬಸ್ಸು ಹಿಡಿಯಬೇಕಿತ್ತು. ಗೋದಾಮಿಗೆ ಮಧ್ಯಾಹ್ನದೊಳಗೆ ಹೋದರೆ ಅರ್ಧ ದಿನದ ಕೂಲಿಯಾದರೂ ಸಿಗುತ್ತದೆ. ಒಂದು ಕೈ ಬೆನ್ನಿಗಿಟ್ಟುಕೊಂಡು, ನಿಂತ ಲಾರಿಗಳ ಪಕ್ಕದಲ್ಲೇ ಗೇಟಿನ ಕಡೆಗೆ ನಡೆದ. ಹಾರನ್ನುಗಳು ಯಾಕೋ ಒಂದೊಂದಾಗಿ ನಿಂತವು.

ಹಿಂದಿನಿಂದ ಮೀಸೆಯವನ ಗಂಟಲು ಕೇಳಿಸಿತು. “ಏ ಎಪ್ಪತ್ತೈದು! ಇಳಿಯೋ ಕೆಳಗೆ!”

ಒಂದು ಲಾರಿಯ ಬಾಗಿಲು ಧಡ್ ಎಂದಿತು. ಆಮೇಲೆ ಇನ್ನೊಂದು.